ಬುತ್ತಿ ಬಿಚ್ಚುವ ಜಾಗ

ಬಸರಿ ಮರದ ಕೆಳಗೆ ಇನ್ನು ಮೇಲೆ ಯಾರೂ ಊಟಕ್ಕೆ ಕೂರುವಂತಿಲ್ಲ ಎಂದು ಮೇಸ್ತ್ರಿ ಗುರುವಯ್ಯ ಹೇಳಿದಾಗ ಹೆಂಗಸರು ಇನ್ನೂ ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು. ಹೇಳುವಾಗ ಅವನು ಯಾರ ಮುಖವನ್ನೂ ನೋಡಲಿಲ್ಲ.

"ಹಿಂದುಗಡೆ ಊಟದ ಹಾಲ್ ರೆಡಿ ಆಗಿದೆ. ಫ್ಯಾನು, ಟೀವಿ, ಫಿಲ್ಟರ್ ನೀರು ಎಲ್ಲ ಇದೆ. ಮಧ್ಯಾಹ್ನ ಎಲ್ರೂ ಅಲ್ಲಿಗೇ ಹೋಗ್ಬೇಕು. ಮ್ಯಾನೇಜರ್ ಸಾಹೇಬ್ರ ಆರ್ಡರ್."

"ಮರಕ್ಕೆ ಎಂತ ಆಯ್ತು ಮೇಸ್ತ್ರಿ?" ಎಂದಳು ರಂಜಿತಾ.

"ಮರಕ್ಕೆ ಎಂತದೂ ಆಗಿಲ್ಲ. ಅಲ್ಲಿ ಟೂರಿಸ್ಟ್‌ಗಳನ್ನ ಕೂರಿಸಿ ಕಾಫಿ ಕೊಡ್ತಾರಂತೆ."

"ಕೊಡ್ಲಿ. ನಾವು ಒಂದು ಮೂಲೇಲಿ ಕೂತ್ಕೊಳ್ತೀವಿ."

ಗುರುವಯ್ಯ ಕತ್ತು ಕೆರೆದುಕೊಂಡ. "ನೀವು ಕಾಲು ಚಾಚ್ಕೊಂಡು ಬುತ್ತಿ ಬಿಚ್ಕೊಂಡು ಕೂತ್ರೆ ಬಂದವರಿಗೆ ನೋಡೋಕೆ ಚೆನ್ನಾಗಿರಲ್ಲ ಅಂದ್ರವ್ವ. ನಾನು ಅಂದಿದ್ದಲ್ಲ."

ನೋಡೋಕೆ ಚೆನ್ನಾಗಿರಲ್ಲ. ಆ ಮಾತು ರಂಜಿತಾಳ ಎದೆಯಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತು.

ಚಿಕ್ಕಮಗಳೂರು ಪೇಟೆ ಮುಗಿಯುವಲ್ಲಿ ಇದ್ದ ಆ ಕಾಫಿ ಕ್ಯೂರಿಂಗ್ ಕಾರ್ಖಾನೆಗೆ ಅವಳು ಬಂದು ನಾಲ್ಕು ವರ್ಷವಾಗಿತ್ತು. ತೋಟಗಳಿಂದ ಒಳಸಿಪ್ಪೆ ಸಮೇತ ಒಣಗಿ ಬರುವ ಪಾರ್ಚ್‌ಮೆಂಟನ್ನು ಮಿಲ್ಲಿಗೆ ಹಾಕಿ ಸಿಪ್ಪೆ ತೆಗೆಯುತ್ತಾರೆ, ಗಾತ್ರ ನೋಡಿ ಬೇರೆ ಮಾಡುತ್ತಾರೆ, ಕಡೆಗೆ ಒಳ್ಳೆಯ ಲಾಟುಗಳೆಲ್ಲ ಹೆಂಗಸರ ಮುಂದೆ ಬಂದು ಬೀಳುತ್ತವೆ. ಉದ್ದನೆಯ ಮೇಜಿನ ಎರಡೂ ಕಡೆ ಕೂತು ಕಪ್ಪು ಬೀಜ, ಒಡಕು ಬೀಜ, ಹುಳ ಹೊಡೆದ ಬೀಜವನ್ನು ಆರಿಸಿ ತೆಗೆಯುವುದು ಅವರ ಕೆಲಸ. ಮುಖಕ್ಕೂ ಮೇಜಿಗೂ ನಡುವೆ ಇರುವುದು ಒಂದು ಮೊಳ ಜಾಗ. ತಲೆಯ ಮೇಲೆ ಟ್ಯೂಬ್‌ಲೈಟು. ಬೆಳಿಗ್ಗೆಯಿಂದ ಸಂಜೆಯವರೆಗೆ ಕಣ್ಣಿಗೆ ಬೀಳುವುದು ಬೀಜ, ಬೀಜ ಮತ್ತು ಬೀಜ.

ಬಣಕಲ್ ಕಡೆಯ ಎಸ್ಟೇಟುಗಳಲ್ಲಿ ಹಣ್ಣು ಕೊಯ್ದುಕೊಂಡಿದ್ದ ರಂಜಿತಾ ಈ ಕೆಲಸಕ್ಕೆ ಆಸೆಪಟ್ಟೇ ಬಂದವಳು. ಗಂಡ ರಾಜೇಶ್ ಪೇಟೆಯಲ್ಲಿ ಗೂಡ್ಸ್ ಆಟೋ ಓಡಿಸತೊಡಗಿದಾಗ, ಇನ್ನು ಇಂಬಳದಿಂದ ರಕ್ತ ಹೀರಿಸಿಕೊಳ್ಳುವುದು ತಪ್ಪಿತು, ಕಂಬಳಿ ಕೊಪ್ಪೆಯೊಳಗೆ ನೆನೆದು ನಡುಗುವುದು ತಪ್ಪಿತು ಎಂದು ಖುಷಿಪಟ್ಟಿದ್ದಳು. ತಲೆಯ ಮೇಲೆ ಸೂರಿನ ಕೆಲಸ ಎಂದರೆ ಸಣ್ಣ ಮಾತಲ್ಲ. ಆದರೆ ಸೇರಿದ ವರ್ಷವೇ ಅವಳಿಗೆ ತಿಳಿಯದ ಒಂದು ಹಸಿವು ಶುರುವಾಗಿತ್ತು. ಅದನ್ನು ತೀರಿಸುತ್ತಿದ್ದದ್ದು ಮಧ್ಯಾಹ್ನದ ಅರ್ಧ ಗಂಟೆ. ಕಾಫಿ ಹರವುವ ಕಣದ ಅಂಚಿನ ಬಸರಿ ಮರದಡಿಗೆ ಬಂದು ಕೂತ ಕೂಡಲೇ ಬೆನ್ನಿಗೆ ಒಂದಿಷ್ಟು ಬಿಸಿಲು, ಮುಖಕ್ಕೆ ಒಂದಿಷ್ಟು ಗಾಳಿ. ತಲೆ ಎತ್ತಿದರೆ ದೂರದಲ್ಲಿ ಬೆಟ್ಟದ ಸಾಲು. ಒಂದು ಮೊಳದಲ್ಲೇ ಸಿಕ್ಕಿಹಾಕಿಕೊಂಡಿದ್ದ ಕಣ್ಣು ಹಾರಿ ಹೋಗಿ ಮುಳ್ಳಯ್ಯನಗಿರಿಯ ಮೇಲೆ ಕೂರುತ್ತಿತ್ತು. ಅಲ್ಲಿಂದ ಅದನ್ನು ಮತ್ತೆ ಕರೆತಂದರೆ ಸಂಜೆಯವರೆಗೆ ಬೀಜ ಆರಿಸುವುದು ಕಷ್ಟವಾಗುತ್ತಿರಲಿಲ್ಲ.

ಹೊಸ ಊಟದ ಹಾಲ್ ಎಂದರೆ ಹಳೆಯ ಗೋಣಿಚೀಲದ ಕೋಣೆ. ಅದಕ್ಕೆ ಸುಣ್ಣ ಹೊಡೆದು, ಟೈಲ್ಸ್ ಹಾಕಿ, ಸ್ಟೀಲಿನ ಮೇಜು ಇಟ್ಟಿದ್ದರು. ಕಿಟಕಿ ಒಂದೂ ಇರಲಿಲ್ಲ. ಕಿಟಕಿ ಇರಬೇಕಾದ ಗೋಡೆಯ ತುಂಬ ಒಂದು ಚಿತ್ರ ಅಂಟಿಸಿದ್ದರು: ಹಸಿರು ಕಾಡು, ನಡುವೆ ಜಲಪಾತ, ಬಂಡೆಯ ಮೇಲೆ ಒಂದು ಜಿಂಕೆ. ರಂಜಿತಾ ಅದನ್ನು ನೋಡಿ ಅನ್ನ ಕಲಸುವುದನ್ನೇ ನಿಲ್ಲಿಸಿದಳು.

"ಕಾಡಿನ ಬುಡದಲ್ಲೇ ಕೂತ್ಕೊಂಡು ಕಾಡಿನ ಪಟ ನೋಡೂದಾ ನಾವು?" ಎಂದಳು.

ಪಕ್ಕದಲ್ಲಿ ಕೂತಿದ್ದ ಜವರಮ್ಮ ಆಗಲೇ ಫ್ಯಾನಿನ ಕೆಳಗೆ ಜಾಗ ಹಿಡಿದಿದ್ದಳು. ಆ ಮೇಜಿನಲ್ಲಿ ಎಲ್ಲರಿಗಿಂತ ಹಿರಿಯಳು ಅವಳು; ಮೂಡಿಗೆರೆ ಕಡೆ ತೋಟದಲ್ಲೇ ಹುಟ್ಟಿ, ತೋಟದಲ್ಲೇ ಅರ್ಧ ಆಯುಸ್ಸು ಕಳೆದವಳು. "ಸುಮ್ನಿರೇ ಮಾರಾಯ್ತಿ. ಬಿಸಿಲು ಮಳೆ ನಂಗೆ ಏಳು ಜನ್ಮಕ್ಕಾಗುವಷ್ಟು ಆಗಿದೆ. ಈಗ ಫ್ಯಾನಿನ ಕೆಳಗೆ ಕೂತು ಉಣ್ಣು ಅಂದ್ರೆ ಉಣ್ತೀನಪ್ಪ."

ಜವರಮ್ಮನ ಮೊಣಕಾಲು ಮಳೆಗೆ ಹೇಗೆ ಹಿಡಿದುಹೋಗಿದೆ ಎಂಬುದು ರಂಜಿತಾಳಿಗೂ ಗೊತ್ತು. ಮಳೆಯಲ್ಲಿ ದುಡಿಯುವುದು ಬೇರೆ, ಬಿಸಿಲಿನಲ್ಲಿ ಕೂರುವುದು ಬೇರೆ ಎಂದು ಹೇಳಬೇಕು ಅನ್ನಿಸಿತು. ಆದರೆ ಟೀವಿಯಲ್ಲಿ ಧಾರಾವಾಹಿ ಶುರುವಾಗಿತ್ತು, ಎಲ್ಲರ ಮುಖ ಅತ್ತ ತಿರುಗಿತ್ತು.

ವಾರ ಕಳೆಯುವಷ್ಟರಲ್ಲಿ ಅವಳಿಗೆ ತಲೆನೋವು ಹತ್ತಿತು. ಹುಬ್ಬಿನ ನಡುವೆ ಶುರುವಾಗಿ ಹಿಂದಲೆಗೆ ಹೋಗಿ ಕೂರುವ ನೋವು. ರಾತ್ರಿ ಕಣ್ಣು ಮುಚ್ಚಿದರೆ ಬೀಜಗಳು ಓಡುತ್ತಿದ್ದವು. ಮನೆಯಲ್ಲಿ ಸಣ್ಣ ಸಣ್ಣದಕ್ಕೂ ಸಿಡುಕು. ಸಾರಿಗೆ ಉಪ್ಪು ಜಾಸ್ತಿಯಾಯಿತು ಎಂದ ರಾಜೇಶನಿಗೆ, "ನೀನೇ ಮಾಡ್ಕೊ" ಎಂದು ಸೌಟನ್ನು ಅವನ ತಟ್ಟೆಯ ಪಕ್ಕಕ್ಕೆ ಇಟ್ಟು ಎದ್ದುಹೋದಳು.

"ಫ್ಯಾನು ಹಾಕಿ, ಟೀವಿ ಇಟ್ಟು ಕೂರಿಸ್ತಾರೆ. ನಿಂಗೆ ಅದರಲ್ಲಿ ಕಷ್ಟ ಎಂತದು ಅಂತ ನಂಗೆ ಗೊತ್ತಾಗ್ತಿಲ್ಲ," ಎಂದ ರಾಜೇಶ್.

"ನಿಂಗೆ ಹೇಗೆ ಗೊತ್ತಾಗ್ಬೇಕು? ಬೆಳಗಿಂದ ಸಂಜೆವರೆಗೆ ಊರೆಲ್ಲ ಸುತ್ತೋನು ನೀನು. ನಾಳೆ ಒಂದಿನ ಆಟೋ ಬಾಗಿಲು ಹಾಕ್ಕೊಂಡು ಅದರೊಳಗೇ ಕೂತಿರು. ಸಂಜೆ ಬಂದು ಹೇಳು."

ಮರುದಿನ ರಾಜೇಶ್ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ.

ದಿವ್ಯಾ ಡಾಕ್ಟರು ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರು, ಕೆಲಸ ಎಂಥದು ಎಂದು ಕೇಳಿದರು, ಎಷ್ಟು ಹೊತ್ತು ಎಂದು ಕೇಳಿದರು. ಆಮೇಲೆ ಮಾತ್ರೆ ಬರೆಯುತ್ತ, "ಇದು ಮಾತ್ರೆಯಿಂದ ಪೂರ್ತಿ ಹೋಗೋದಲ್ಲಮ್ಮ. ಮಧ್ಯಾಹ್ನ ಸ್ವಲ್ಪ ಹೊತ್ತು ಹೊರಗೆ ಬನ್ನಿ. ಬೆಳಕಲ್ಲಿ ಓಡಾಡಿ, ದೂರ ನೋಡಿ. ಹಗಲು ಬೆಳಕು ಬಿದ್ರೆ ರಾತ್ರಿ ನಿದ್ದೆನೂ ಸರಿಹೋಗುತ್ತೆ. ಇಂಥ ಊರಲ್ಲಿದ್ದೀರಿ, ನಿಮಗೇನು ಕಷ್ಟ?" ಎಂದರು.

ರಂಜಿತಾಳಿಗೆ ನಗು ಬಂತು. ನಗುವಿನ ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ತನಗೆ ಇಲ್ಲಿಯವರೆಗೆ ಬಿಟ್ಟಿಯಾಗಿ ಸಿಗುತ್ತಿದ್ದ ಔಷಧಿಗೇ ಬೀಗ ಹಾಕಿ, ಡಾಕ್ಟರ ಬಾಗಿಲಿಗೆ ಕಳಿಸಿದ್ದಾರಲ್ಲ ಎಂದು ಅವಳ ಮೈಯೆಲ್ಲ ಉರಿಯಿತು.

ಆ ಉರಿಯಲ್ಲೇ ಅವಳು ಮ್ಯಾನೇಜರ್ ಹರ್ಷವರ್ಧನನ ಕೋಣೆಗೆ ಹೋದಳು. ಅವನು ಬಂದು ಇನ್ನೂ ಒಂದು ವರ್ಷವಾಗಿರಲಿಲ್ಲ. ಕೆಟ್ಟವನಲ್ಲ, ಯಾರಿಗೂ ಏರಿದ ದನಿಯಲ್ಲಿ ಮಾತಾಡಿದವನಲ್ಲ. ಅವಳನ್ನು ಕೂರಲು ಹೇಳಿದ. ಡಾಕ್ಟರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ.

"ಅಲ್ಲಮ್ಮ, ನೀವೆಲ್ಲ ತೋಟದ ಬಿಸಿಲು ಮಳೆ ಬೇಡ ಅಂತ ಇಲ್ಲಿಗೆ ಬಂದೋರು. ಈಗ ನೆರಳಲ್ಲಿ ಕೂರಿ ಅಂದ್ರೆ ಬಿಸಿಲು ಬೇಕು ಅಂತೀರಿ."

"ಸಾರ್, ಬಿಸಿಲಲ್ಲಿ ದುಡಿಯೋದು ಬೇಡ ಅಂತ ಬಂದ್ವಿ. ಬಿಸಿಲೇ ಬೇಡ ಅಂತ ಬಂದಿಲ್ಲ."

ಅವನು ಸ್ವಲ್ಪ ಹೊತ್ತು ಪೆನ್ನು ತಿರುಗಿಸಿದ. "ಬೆಳಕಿನ ಸಮಸ್ಯೆ ಅಲ್ವಾ? ನೋಡೋಣ, ನಾನು ಏನಾದ್ರೂ ಮಾಡ್ತೀನಿ."

ಅವನು ಮಾಡಿದ್ದೇನೆಂದರೆ, ಊಟದ ಹಾಲಿನ ಹಳೆಯ ಟ್ಯೂಬುಗಳನ್ನು ತೆಗೆಸಿ ಹೊಸ ಟ್ಯೂಬು ಹಾಕಿಸಿದ. ಅದರ ಡಬ್ಬದ ಮೇಲೆ ಸೂರ್ಯನ ಚಿತ್ರವಿತ್ತು. "ಇದು ಹಗಲು ಬೆಳಕಿನ ಟ್ಯೂಬಂತೆ," ಎಂದು ಗುರುವಯ್ಯ ಏಣಿ ಹಿಡಿದುಕೊಂಡು ಹೇಳಿದ. ಹೊರಗೆ ಅದೇ ಹೊತ್ತಿಗೆ ಫೆಬ್ರವರಿಯ ಬಿಸಿಲು, ಯಾರೂ ದುಡ್ಡು ಕೊಟ್ಟು ತರಬೇಕಿಲ್ಲದ ಬಿಸಿಲು, ಖಾಲಿ ಕಣದ ಮೇಲೆ ಸುಮ್ಮನೆ ಬಿದ್ದುಕೊಂಡಿತ್ತು. ಬಸರಿ ಮರ ಹಳೆಯ ಎಲೆಯನ್ನೆಲ್ಲ ಉದುರಿಸಿ ತಾಮ್ರದ ಬಣ್ಣದ ಚಿಗುರು ಬಿಟ್ಟಿತ್ತು. ಅದರ ಕೆಳಗೆ ಬೆತ್ತದ ಕುರ್ಚಿಗಳು ಬಂದಿದ್ದವು. ಕಾರಿನಲ್ಲಿ ಬಂದವರು ಅಲ್ಲಿ ಕೂತು, ಚಪ್ಪಲಿ ಬಿಟ್ಟು, ಬರಿಗಾಲನ್ನು ಹುಲ್ಲಿನ ಮೇಲೆ ಇಟ್ಟುಕೊಂಡು, ಆಹಾ ಎಂದು ಉಸಿರೆಳೆದುಕೊಳ್ಳುತ್ತಿದ್ದರು.

ರಂಜಿತಾಳಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಪಾಪ, ಎಲ್ಲಿಂದಲೋ ಬಂದವರು, ಉಸಿರಾಡಲಿ. ಅವಳ ಸಿಟ್ಟು ಬೇರೆಯೇ ಇತ್ತು. ಆ ಉಸಿರು ಅವರಿಗೆ ಒಳ್ಳೆಯದು ಎಂದು ಮ್ಯಾನೇಜರಿಗೆ ಗೊತ್ತಿದೆ. ಗೊತ್ತಿರುವುದರಿಂದಲೇ ಮಾರುತ್ತಿದ್ದಾನೆ. ನಮಗೆ ಮಾತ್ರ ಅದು ಯಾಕೆ ಬೇಡ?

ಮರುದಿನ ಊಟದ ಗಂಟೆ ಹೊಡೆದಾಗ ಅವಳು ಹಾಲಿಗೆ ಹೋಗಲಿಲ್ಲ. ಬುತ್ತಿ ಹಿಡಿದು ನೇರ ಗೇಟಿನ ಹೊರಗೆ ನಡೆದಳು. ರಸ್ತೆ ಬದಿಯ ಮೋರಿಯ ಕಟ್ಟೆ ಬೆಚ್ಚಗಿತ್ತು. ಬಸ್ಸು ಹೋದಾಗ ಧೂಳು ಏಳುತ್ತಿತ್ತು, ನಿಜ. ಆದರೂ ಅಲ್ಲಿಂದ ಬೆಟ್ಟ ಕಾಣುತ್ತಿತ್ತು. ತಟ್ಟೆಗೆ ಕೈ ಅಡ್ಡ ಹಿಡಿದು ಉಂಡು, ರಸ್ತೆಯ ಅಂಚಿನಲ್ಲೇ ತಿರುಗಾಡಿ, ಗಂಟೆಗೆ ಮೊದಲೇ ಒಳಗೆ ಬಂದಳು. ಗುರುವಯ್ಯ ಬಾಯಿ ತೆರೆದ.

"ಮರದ ಕೆಳಗೆ ಕೂರಬಾರದು ಅಂದ್ರಿ, ಕೂರಲಿಲ್ಲ. ಊಟದ ಹೊತ್ತು ನನ್ನದು. ರಸ್ತೆ ಸರ್ಕಾರದ್ದು," ಎಂದಳು.

ಕೆಲವು ದಿನಕ್ಕೆ ಕಿರಿಯರು ಇಬ್ಬರು ಮೂವರು ಅವಳ ಜೊತೆ ಬಂದರು. ಉಳಿದವರು ಫ್ಯಾನಿನಡಿಯಲ್ಲೇ ಇದ್ದರು. ರಂಜಿತಾಳ ತಲೆನೋವು ಇಳಿಯಿತು. ರಾತ್ರಿ ಬೀಜ ಓಡುವುದೂ ನಿಂತಿತು. ಅಷ್ಟಕ್ಕೇ ಅವಳು ಸುಮ್ಮನಾಗುತ್ತಿದ್ದಳೋ ಏನೋ. ಆದರೆ ಒಂದು ಗುರುವಾರ ಮಧ್ಯಾಹ್ನ ಕರೆಂಟು ಹೋಯಿತು.

ಮಿಲ್ಲು ನಿಂತ ಕೂಡಲೇ ಆ ಜಾಗದಲ್ಲಿ ಒಂದು ವಿಚಿತ್ರ ಮೌನ ಬೀಳುತ್ತದೆ. ಆ ಮೌನದಲ್ಲಿ ಮೋರಿ ಕಟ್ಟೆಯ ಮೇಲಿದ್ದ ರಂಜಿತಾಳಿಗೆ ತಗಡಿನ ಬಾಗಿಲು ಬಡಿಯುವ ಸದ್ದು ಕೇಳಿಸಿತು. ಮೊದಲು ಯಾರೋ ಏನೋ ಕೆಲಸ ಮಾಡುತ್ತಿದ್ದಾರೆ ಅಂದುಕೊಂಡಳು. ಬಡಿತ ಜೋರಾಯಿತು. ಅದರ ಜೊತೆ ಹೆಂಗಸರ ದನಿ. ಅವಳು ತಟ್ಟೆಯನ್ನು ಅಲ್ಲೇ ಬಿಟ್ಟು ಓಡಿದಳು.

ಊಟದ ಹಾಲಿಗೆ ಇದ್ದದ್ದು ಒಂದೇ ಬಾಗಿಲು, ಅದು ತೆರೆಯುವುದು ಕಣದ ಕಡೆಗೆ. ಆ ದಿನ ಮರದಡಿಯಲ್ಲಿ ದೊಡ್ಡದೊಂದು ತಂಡ ಕೂತಿತ್ತು; ಸದ್ದು ಏನೆಂದು ತಿಳಿಯದೆ ಬಾಗಿಲ ಕಡೆ ನೋಡುತ್ತಿತ್ತು. ಅವಳು ಅವರ ಕುರ್ಚಿಗಳ ನಡುವೆಯೇ ನುಗ್ಗಿ ಬಾಗಿಲ ಹತ್ತಿರ ಹೋಗಿ ನೋಡಿದರೆ, ಹೊರಗಿನಿಂದ ಚಿಲಕ ಹಾಕಿತ್ತು.

ಚಿಲಕ ಎಳೆದಳು. ಕತ್ತಲಿನಿಂದ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು; ಸಾರು, ಗೋಣಿ, ಬೆವರು ಎಲ್ಲ ಸೇರಿದ ವಾಸನೆ. ಹೆಂಗಸರು ಒಬ್ಬರ ಮೇಲೊಬ್ಬರು ಬೀಳುವಂತೆ ಹೊರಗೆ ಬಂದರು. ಕೊನೆಯಲ್ಲಿ ಇಬ್ಬರು ಜವರಮ್ಮನನ್ನು ಹಿಡಿದು ತಂದರು. ಅವಳ ತುಟಿ ಬೆಳ್ಳಗಾಗಿತ್ತು, ಉಸಿರು ಸಿಕ್ಕಿ ಸಿಕ್ಕಿ ಬರುತ್ತಿತ್ತು. ರಂಜಿತಾ ಅವಳನ್ನು ಮರದ ಬುಡಕ್ಕೆ ಒರಗಿಸಿ ಕೂರಿಸಿ, ಸೆರಗಿನಿಂದ ಗಾಳಿ ಹಾಕಿದಳು. ಪ್ರವಾಸಿಗರಲ್ಲಿ ಒಬ್ಬ ಹೆಂಗಸು ನೀರಿನ ಬಾಟಲಿ ತಂದುಕೊಟ್ಟಳು.

ಹರ್ಷವರ್ಧನ ಆಫೀಸಿನಿಂದ ಓಡಿಬಂದ. ಆಫೀಸಿನಲ್ಲಿ ಜನರೇಟರಿನ ದೀಪ ಉರಿಯುತ್ತಿತ್ತು. ಊಟದ ಹಾಲಿಗೆ ಆ ಲೈನು ಎಳೆದಿರಲಿಲ್ಲ.

"ಚಿಲಕ ಯಾರು ಹಾಕಿದ್ದು?" ಎಂದು ಕೇಳಿದಳು ರಂಜಿತಾ. ಅವಳ ದನಿ ಏರಲಿಲ್ಲ.

ಗುರುವಯ್ಯ ಮ್ಯಾನೇಜರ ಮುಖ ನೋಡಿದ. "ಗೆಸ್ಟ್ ಇದ್ದಾಗ ಯಾರೂ ಕಣಕ್ಕೆ ಬರಬಾರದು ಅಂತ... ಅರ್ಧ ಗಂಟೆಗೆ ಅಂತ..."

"ದಿನಾನೂ ಹಾಕ್ತಿದ್ರಾ?"

ಅವನು ಪಕ್ಕಕ್ಕೆ ಬಿದ್ದಿದ್ದ ಕುರ್ಚಿಯೊಂದನ್ನು ಎತ್ತಿ ನಿಲ್ಲಿಸತೊಡಗಿದ.

"ದನದ ಕೊಟ್ಟಿಗೆಗೂ ಒಂದು ಕಿಂಡಿ ಇಡ್ತಾರೆ ಸಾರ್," ಎಂದಳು ಅವಳು ಹರ್ಷವರ್ಧನನಿಗೆ. "ನಮ್ಮ ಮುಖ ಇವರಿಗೆ ಕಾಣಬಾರದು ಅಂತ ನಮಗೆ ಚಿಲಕ ಹಾಕಿದ್ರಿ. ಇವರು ಕುಡೀತಿರೋ ಕಾಫಿ ಬೀಜ ಒಂದೊಂದೂ ಈ ಜವರಕ್ಕನ ಕೈ ದಾಟಿ ಬಂದಿದೆ. ಕೈ ಬೇಕು ನಿಮಗೆ, ಮುಖ ಬೇಡ. ನಾವು ಎಂತ ಕೇಳಿದ್ವಿ? ಜಾಸ್ತಿ ರಜೆ ಕೇಳಿದ್ವಾ? ಗಾಳಿ ಕೇಳಿದ್ವಿ. ಗಾಳಿಗೂ ನಿಮ್ಮ ಪರ್ಮಿಷನ್ ಬೇಕಾ?"

"ಒಳಗೆ ಹೋಗಿ ಮಾತಾಡೋಣ," ಎಂದ ಹರ್ಷವರ್ಧನ, ಪ್ರವಾಸಿಗರತ್ತ ನೋಡುತ್ತ.

"ಒಳಗೆ ಬೇಡ ಸಾರ್. ಒಳಗೆ ಇದ್ದದ್ದು ಸಾಕು."

ಸಂಜೆ ಗುರುವಯ್ಯ ಅವಳ ಹತ್ತಿರ ಬಂದು, ನಾಳೆಯಿಂದ ಸ್ವಲ್ಪ ದಿನ ಕೆಲಸಕ್ಕೆ ಬರುವುದು ಬೇಡ, ಬೇಕಾದಾಗ ಹೇಳಿ ಕಳಿಸುತ್ತಾರಂತೆ ಎಂದ. ಅವಳು ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಕೊಡವಿ, ಮಡಿಚಿ, ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದಳು. ಎಲ್ಲ ಕೇಳಿದ ರಾಜೇಶ್, "ಚಿಲಕ ಹಾಕೂದಾ?" ಎಂದು ಒಂದೇ ಮಾತು ಕೇಳಿದ. ಬೆಳಿಗ್ಗೆ ಅವನೇ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಕ್ಯೂರಿಂಗಿನ ಗೇಟಿನ ಎದುರು ಇಳಿಸಿದ. "ಒಳಗೆ ಬಿಡದಿದ್ರೆ ಬೇಡ. ರಸ್ತೆ ಸರ್ಕಾರದ್ದು ಅಂದಿದ್ಯಲ್ಲ," ಎಂದ.

ಅವಳು ಮೋರಿ ಕಟ್ಟೆಯ ಮೇಲೆ ಕೂತಳು. ಬೆಳಗಿನ ಹೊತ್ತು ಉದ್ದವಾಗಿತ್ತು. ಒಳಗೆ ಮಿಲ್ಲಿನ ಸದ್ದು. ತನ್ನ ಕುರ್ಚಿ ಖಾಲಿ ಇರಬಹುದು, ಅಥವಾ ಬೇರೆ ಯಾರೋ ಕೂತಿರಬಹುದು. ತಾನು ಮಾಡಿದ್ದು ಸರಿಯೋ ಎಂಬ ಅನುಮಾನ ಒಂದೆರಡು ಸಲ ತಲೆ ಹಾಕಿತು. ಜವರಮ್ಮನ ಬೆಳ್ಳಗಾದ ತುಟಿ ನೆನಪಾದಾಗ ಅದು ಹೋಯಿತು.

ಊಟದ ಗಂಟೆ ಹೊಡೆಯಿತು. ಗೇಟಿನಲ್ಲಿ ಮೊದಲು ಕಂಡದ್ದು ಜವರಮ್ಮ. ಒಂದು ಕೈಯಲ್ಲಿ ಬುತ್ತಿ, ಇನ್ನೊಂದು ಕೈ ಮೊಣಕಾಲಿನ ಮೇಲೆ. ಅವಳ ಹಿಂದೆ ಇಡೀ ಮೇಜು, ಅದರ ಹಿಂದೆ ಪಕ್ಕದ ಮೇಜು. ಯಾರೂ ಕೂಗಲಿಲ್ಲ, ಘೋಷಣೆ ಹಾಕಲಿಲ್ಲ. ಗೇಟಿನ ಎರಡೂ ಪಕ್ಕ, ಕಾಂಪೌಂಡಿನ ಉದ್ದಕ್ಕೂ, ಸಾಲಾಗಿ ಕೂತು ಬುತ್ತಿ ಬಿಚ್ಚಿದರು. ಕಾಲು ಚಾಚಿಕೊಂಡೇ ಕೂತರು.

"ಸ್ವಲ್ಪ ಆ ಕಡೆ ಸರಿ," ಎಂದಳು ಜವರಮ್ಮ ರಂಜಿತಾಳಿಗೆ. ಕೂತು, ಬಿಸಿಲಿಗೆ ಮೊಣಕಾಲು ಒಡ್ಡಿದಳು. ಸ್ವಲ್ಪ ಹೊತ್ತಾದ ಮೇಲೆ, "ಇದು ಹಿತ ಆಗ್ತದೆ ಕಣೇ. ಆ ಫ್ಯಾನಿಗೆ ಕಾಲು ಮರಗಟ್ಟಿಹೋಗಿತ್ತು, ನಿಂಗೆ ಹೇಳಿರಲಿಲ್ಲ," ಎಂದಳು.

ಅವತ್ತು ಬಂದ ಪ್ರವಾಸಿಗರ ಕಾರುಗಳೆಲ್ಲ ಆ ಸಾಲನ್ನು ದಾಟಿಕೊಂಡೇ ಒಳಗೆ ಹೋಗಬೇಕಾಯಿತು. ಒಬ್ಬಿಬ್ಬರು ಗಾಜು ಇಳಿಸಿ, ಏನು ಸ್ಟ್ರೈಕಾ ಎಂದು ಕೇಳಿದರು. "ಇಲ್ಲ, ಊಟ," ಎಂದರು ಹೆಂಗಸರು. ಮಾರನೆಯ ದಿನವೂ ಊಟ. ಅದರ ಮಾರನೆಯ ದಿನವೂ. ನೋಡೋಕೆ ಚೆನ್ನಾಗಿರಲ್ಲ ಎಂದು ಯಾರನ್ನು ಗೋಡೆಯ ಹಿಂದೆ ಇಟ್ಟಿದ್ದರೋ ಅವರು ಈಗ ಗೇಟಿನ ಬೋರ್ಡಿನ ಕೆಳಗೇ ಕೂತಿದ್ದರು. ಕಳಿಸಬೇಕಾದ ಲಾಟುಗಳೂ ಇದ್ದವು. ಆ ಕೈಗಳನ್ನು ಬಿಟ್ಟು ಬೇರೆ ಕೈ ತರುವುದು ಅಷ್ಟು ಸುಲಭವಿರಲಿಲ್ಲ.

ಮುಂದಿನ ವಾರ ಗುರುವಯ್ಯ ಮೋರಿ ಕಟ್ಟೆಯ ಹತ್ತಿರ ಬಂದು ನಿಂತ. "ಒಳಗೆ ಬರ್ಬೇಕಂತೆ ರಂಜಿತಾ. ಮರದ ಆ ಕಡೆಯ ಅರ್ಧ ನಿಮಗೆ ಬಿಟ್ಟಿದ್ದಾರೆ. ಅಲ್ಲಿದ್ದ ಕುರ್ಚಿ ಎಲ್ಲ ಮುಂದುಗಡೆ ಗಾರ್ಡನ್ನಿಗೆ ಹೋಗ್ತದೆ."

"ಚಿಲಕ?"

"ನಾನೇ ಬಿಚ್ಚಿ ತೆಗ್ದೆ." ಅವನು ಈ ಸಲ ಅವಳ ಮುಖ ನೋಡಿದ. "ನಂಗೂ ಅದು ಸರಿ ಅನ್ನಿಸಿರಲಿಲ್ಲ."

"ಅನ್ನಿಸದಿದ್ರೆ ಅವತ್ತೇ ಹೇಳ್ಬೇಕಿತ್ತು ಮೇಸ್ತ್ರಿ," ಎಂದಳು ರಂಜಿತಾ. ಅವನನ್ನು ಸಮಾಧಾನ ಮಾಡಬೇಕು ಅನ್ನಿಸಲಿಲ್ಲ, ಮಾಡಲೂ ಇಲ್ಲ.

ಹರ್ಷವರ್ಧನ ತಪ್ಪಾಯಿತು ಎಂದು ಯಾರಿಗೂ ಹೇಳಲಿಲ್ಲ. ಎದುರು ಸಿಕ್ಕಾಗ ಮೊದಲಿನಷ್ಟೇ ಮರ್ಯಾದೆಯಿಂದ ತಲೆಯಾಡಿಸುತ್ತಿದ್ದ. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಹೆಂಗಸರು ಮರದಡಿಯಲ್ಲಿ ಉಣ್ಣುತ್ತಿದ್ದಾಗ, ಅವನು ಹೊಸ ತಂಡವೊಂದನ್ನು ಕರೆದುಕೊಂಡು ಕಣದ ಪಕ್ಕ ಬಂದ. ಅವರ ಕಡೆಗೆ ಕೈ ತೋರಿಸಿ ಹೇಳಿದ: "ಹೊರಗಿನ ಗಾಳಿ ಬೆಳಕಿನಲ್ಲಿ ಸಮಯ ಕಳೆದ್ರೆ ಆರೋಗ್ಯಕ್ಕೆ ಎಷ್ಟು ಒಳ್ಳೇದು ಅಂತ ನಿಮಗೆ ಗೊತ್ತೇ ಇದೆ. ಹಾಗಾಗಿ ನಮ್ಮ ಕೆಲಸದವರಿಗೂ ಇಲ್ಲೇ ಊಟದ ವ್ಯವಸ್ಥೆ ಮಾಡಿಸಿದ್ದೀವಿ."

ರಂಜಿತಾಳ ಬಾಯಿಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಪ್ರವಾಸಿಗರು ಮೆಚ್ಚುಗೆಯಿಂದ ತಲೆಯಾಡಿಸಿದರು. ಒಬ್ಬ ಕೈ ಎತ್ತಿ ಅವಳ ಕಡೆ ನಕ್ಕ. ಅವಳು ತುತ್ತು ನುಂಗಿ, ನೀರು ಕುಡಿದು, ಎದ್ದು ನಿಂತಳು.

"ಸಾರ್, ಚಿಲಕದ ವಿಷಯನೂ ಹೇಳಿಬಿಡಿ ಅವರಿಗೆ."

ಹರ್ಷವರ್ಧನ ಗಡಿಯಾರ ನೋಡಿಕೊಂಡ. ಗ್ರೇಡಿಂಗ್ ಸೆಕ್ಷನ್ ನೋಡೋಣ ಬನ್ನಿ ಎಂದು ತಂಡವನ್ನು ಕರೆದು ಮುಂದೆ ನಡೆದ. ಬಹಳ ಜನ ಅವನ ಹಿಂದೆ ಹೋದರು. ಕನ್ನಡಕ ಹಾಕಿದ್ದ ನಡುವಯಸ್ಸಿನ ಹೆಂಗಸೊಬ್ಬಳು ಮಾತ್ರ ನಿಂತಳು.

"ಯಾವ ಚಿಲಕ?" ಎಂದು ಕೇಳಿದಳು.

ಜವರಮ್ಮ ಚಾಪೆಯ ಮೇಲೆ ಜಾಗ ಮಾಡಿಕೊಟ್ಟಳು. ಆ ಹೆಂಗಸು ಸ್ವಲ್ಪ ಹಿಂಜರಿದು ಕೂತಳು. ರಂಜಿತಾ ಅವಳ ಎದುರು ಕೂತು, ಗೋಣಿಚೀಲದ ಕೋಣೆಯಿಂದ ಶುರು ಮಾಡಿ, ಗೋಡೆಯ ಮೇಲಿನ ಜಿಂಕೆ, ಸೂರ್ಯನ ಚಿತ್ರದ ಟ್ಯೂಬು, ಕತ್ತಲಲ್ಲಿ ಬಡಿದ ಕೈಗಳು, ಒಂದನ್ನೂ ಬಿಡದೆ ಹೇಳಿದಳು. ನಡುವೆ ಮರೆತದ್ದನ್ನು ಉಳಿದವರು ಸೇರಿಸಿದರು. ಹೇಳಿ ಮುಗಿಸಿದರೂ ಅವಳ ಸಿಟ್ಟು ಇಳಿದಿರಲಿಲ್ಲ. ಇಳಿಯಬೇಕು ಎಂದೂ ಅವಳಿಗೆ ಅನ್ನಿಸಲಿಲ್ಲ. ಗಂಟೆ ಹೊಡೆಯಿತು. ಅವಳು ಬುತ್ತಿಯ ಮುಚ್ಚಳ ಹಾಕಿ, ಬೆಟ್ಟದ ಕಡೆ ಒಂದು ಸಲ ನೋಡಿ, ಒಳಗೆ ಹೋದಳು.